ಗೂಡಿನ ಜಾಗ ಒಂದು ಬಿಟ್ಟು ಎಲ್ಲ ಕೊಟ್ಟ ಗೆಳೆಯ

ನೀವು ಕೇಳಿದ್ದು ಇಷ್ಟು: ಹಕ್ಕಿ ನೋಡೋದು ಈಗಷ್ಟೇ ಶುರು ಮಾಡಿದ್ದೇನೆ, ಹಳಬರ ಜೊತೆ ಹೋಗೋಕೆ ಹಿಂಜರಿಕೆ, ಏನೂ ಗೊತ್ತಿಲ್ಲ ಅಂತ ನಗ್ತಾರಾ, ನಿಮಗೆ ಕಲಿಸಿದವರು ಯಾರು?

ನಗುವವರು ಇದ್ದಾರೆ, ಸುಳ್ಳು ಯಾಕೆ ಹೇಳಲಿ. ನೋಡಿದ ಹಕ್ಕಿಗಳ ಲಿಸ್ಟ್ ಉದ್ದ ಆದಷ್ಟೂ ಮೂಗು ಮೇಲೇರುವ ಜನ ಇಲ್ಲೂ ಸಿಗುತ್ತಾರೆ. ನನ್ನ ಅದೃಷ್ಟಕ್ಕೆ ನನಗೆ ಮೊದಲು ಸಿಕ್ಕವರು ಹಾಗಿರಲಿಲ್ಲ. ಅವರು ಹೋದ ವರ್ಷ ತೀರಿಕೊಂಡರು. ಹೆಸರು ಬರೆಯೋಲ್ಲ, ಬರೆದರೆ ಅವರಿಗೇ ಸಿಟ್ಟು ಬರುತ್ತಿತ್ತು. ನನಗಿಂತ ಮೂವತ್ತು ವರ್ಷ ದೊಡ್ಡವರು. ಗೆಳೆಯ ಅನ್ನೋಕೆ ಮೊದಮೊದಲು ಬಾಯಿ ಬರುತ್ತಿರಲಿಲ್ಲ, ಸರ್ ಅಂತಲೇ ಕರೆಯುತ್ತಿದ್ದೆ.

ಮೊದಲ ಸಲ ಸಿಕ್ಕಿದ್ದು ಒಂದು ಕೆರೆಯ ಅಂಚಲ್ಲಿ, ಬೆಳಗಿನ ಜಾವ. ನಾನು ಬೈನಾಕ್ಯುಲರ್ ಇಳಿಸಿ ಇಳಿಸಿ ಕಣ್ಣು ಉಜ್ಜಿಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತು ನೋಡಿ ಪಕ್ಕಕ್ಕೆ ಬಂದು "ತಲೆ ನೋಯುತ್ತಾ?" ಅಂದರು. ಹೌದು ಅಂದೆ. ಬೈನಾಕ್ಯುಲರ್ ಈಸ್ಕೊಂಡು ಬಲಗಣ್ಣಿನ ಕಡೆ ಇರುವ ಸಣ್ಣ ಉಂಗುರ ತೋರಿಸಿದರು. ಅದು ತಿರುಗುತ್ತೆ ಅನ್ನೋದೇ ನನಗೆ ಗೊತ್ತಿರಲಿಲ್ಲ! ಬಲಗಡೆ ಲೆನ್ಸನ್ನು ಅಂಗೈಯಿಂದ ಮುಚ್ಚಿ, ದೂರದ ಒಂದು ಕೊಂಬೆ ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸರಿ ಮಾಡಿಕೋ. ಈಗ ಎಡಗಡೆ ಮುಚ್ಚು, ಚಕ್ರ ಮುಟ್ಟಬೇಡ, ಅದೇ ಕೊಂಬೆ ಬಲಗಣ್ಣಿಗೆ ಚೂಪಾಗಿ ಕಾಣುವವರೆಗೆ ಉಂಗುರ ಮಾತ್ರ ತಿರುಗಿಸು. ಎರಡು ಕಣ್ಣಿನ ನಂಬರ್ ಒಂದೇ ಇರೋಲ್ಲ ಅಲ್ವಾ, ಆ ವ್ಯತ್ಯಾಸ ಸರಿದೂಗಿಸೋಕೆ ಆ ಉಂಗುರ. ಒಂದು ಸಲ ಮಾಡಿದರೆ ಮುಗಿಯಿತು, ಆಮೇಲೆ ಬರೀ ಚಕ್ರ. ನಾನು ಕನ್ನಡಕ ಹಾಕಿದ್ದೆ, ಹಾಗಾಗಿ ಕಣ್ಣಿಗೆ ಒತ್ತುವ ರಬ್ಬರ್ ಕಪ್ ಕೂಡ ಹಿಂದಕ್ಕೆ ಮಡಚಿಕೊಟ್ಟರು. ಮೂರು ತಿಂಗಳಿಂದ ನಾನು ಮಸುಕು ಹಕ್ಕಿಗಳನ್ನು ನೋಡಿಕೊಂಡು ಓಡಾಡುತ್ತಿದ್ದೆ. ಇಷ್ಟಾದರೂ ಅವರು ನಗಲಿಲ್ಲ.

ಮುಂದಿನ ವಾರ ತಮ್ಮ ಹಳೆಯ 8×42 ಬೈನಾಕ್ಯುಲರ್ ತಂದು "ಒಂದು ವಾರ ಇಟ್ಕೋ" ಅಂದರು. ನನ್ನದು ಜೇಬಲ್ಲಿ ಹಿಡಿಯುವ 10×25. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದು, ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಲ್ಲಿ. ನನ್ನದರಲ್ಲಿ ಹೆಚ್ಚು ದೊಡ್ಡದಾಗಿ ಕಾಣುತ್ತಲ್ಲ ಅಂತ ವಾದ ಮಾಡಿದೆ. "ಭಾಗಿಸಿ ನೋಡು" ಅಂದರು. 42ನ್ನು 8ರಿಂದ ಭಾಗಿಸಿದರೆ 5.25, 25ನ್ನು 10ರಿಂದ ಭಾಗಿಸಿದರೆ 2.5. ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತ ಅಷ್ಟು ಮಿಲಿಮೀಟರ್ ಅಗಲ. ನಸುಕಿನಲ್ಲಿ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತೆ, ಆಗ 2.5 ಸಾಲೋಲ್ಲ. ಮೇಲಾಗಿ ಹತ್ತು ಪಟ್ಟು ಅಂದರೆ ಕೈ ನಡುಕವೂ ಹತ್ತು ಪಟ್ಟು. ಆ ಒಂದು ವಾರ ಇನ್ನೂ ಮುಗಿದಿಲ್ಲ, ಬೈನಾಕ್ಯುಲರ್ ಈಗಲೂ ನನ್ನ ಹತ್ತಿರವೇ ಇದೆ. ಎಷ್ಟು ಸಲ ವಾಪಸ್ ಕೊಡಲು ಹೋದರೂ ಬೇರೆ ಮಾತು ತೆಗೆಯುತ್ತಿದ್ದರು.

ಒಂದೇ ಕಷ್ಟ, ಹಕ್ಕಿ ಹೆಸರು ಹೇಳುತ್ತಿರಲಿಲ್ಲ. ಕೇಳಿದರೆ ಪ್ರಶ್ನೆ ಬರೋದು. ಕೆಸರಲ್ಲಿ ಗೊರವ (ನೀರಂಚಲ್ಲಿ ಮೇಯುವ ಹಕ್ಕಿ) ಓಡಾಡುತ್ತಿದೆ, ಅದರಲ್ಲಿ ವುಡ್ ಸ್ಯಾಂಡ್‌ಪೈಪರ್ರಾ ಗ್ರೀನ್ ಸ್ಯಾಂಡ್‌ಪೈಪರ್ರಾ ಅಂತ ನನಗೆ ತಲೆಬಿಸಿ. ಇವರು ಆರಾಮಾಗಿ "ಬಿಳಿ ಹುಬ್ಬು ಎಲ್ಲಿಗೆ ನಿಂತಿದೆ ನೋಡು" ಅನ್ನುತ್ತಿದ್ದರು. ಕಣ್ಣು ದಾಟಿ ಹಿಂದಕ್ಕೂ ಹೋಗಿದ್ದರೆ ವುಡ್, ಕಣ್ಣಿನ ಮುಂದೆಯೇ ನಿಂತರೆ ಗ್ರೀನ್. ಹಾರಿದಾಗ ರೆಕ್ಕೆಯ ಅಡಿ ಕಪ್ಪಗಿದ್ದರೆ ಗ್ರೀನ್, ತೆಳು ಬಣ್ಣ ಇದ್ದರೆ ವುಡ್. ಅದೂ ತಪ್ಪಿದರೆ ಹಾರುವಾಗಿನ ಕೂಗು ಕೇಳು, ಎರಡಕ್ಕೂ ಬೇರೆ ಬೇರೆ. ಇದೂ ಆಗಲಿಲ್ಲವಾ? ಯಾವುದೋ ಗೊರವ ಅಂತ ಬರಿ, ಸುಮ್ನೆ ಊಹೆ ಮಾಡಿ ಬರೀಬೇಡ. ಈ ಕೊನೆಯ ಮಾತು ಕಲಿಯೋಕೆ ನನಗೆ ಜಾಸ್ತಿ ಸಮಯ ಹಿಡಿಯಿತು. ಲಿಸ್ಟಿಗೆ ಒಂದು ಸೇರಲಿ ಅನ್ನೋ ಆಸೆ ಯಾರಿಗೆ ಇರೋಲ್ಲ ಹೇಳಿ.

ಪುಸ್ತಕ, ಸ್ಕೋಪು, ಕಾರಲ್ಲಿ ಜಾಗ, ಏನು ಕೇಳಿದರೂ ಕೊಡುತ್ತಿದ್ದ ಮನುಷ್ಯ ಗೂಡಿನ ಜಾಗ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ನನಗೂ ಹೇಳಲಿಲ್ಲ. ಒಂದು ಸಲ ಗೂಬೆ ಗೂಡಿನ ವಿಷಯ ಅವರ ಬಾಯಿತಪ್ಪಿ ಬಂತು. ಎಲ್ಲಿ ಅಂತ ನಾನು ಎರಡು ಸಲ ಕೇಳಿದೆ, ಮೂರನೇ ಸಲಕ್ಕೆ ಮುಖ ಗಂಟಾಯಿತು, ವಾಪಸ್ ಬರುವಾಗ ದಾರಿಯಿಡೀ ಮಾತಿಲ್ಲ. ಆಗ ನನಗೆ ಬೇಜಾರಾಗಿತ್ತು, ನನ್ನ ಮೇಲೂ ನಂಬಿಕೆ ಇಲ್ಲವಲ್ಲ ಅಂತ. ಆಮೇಲೆ ಇನ್ನೊಂದು ಕಡೆ ಒಂದು ಗೂಡಿನ ಸುತ್ತ ಕ್ಯಾಮೆರಾಗಳು ಸಾಲಾಗಿ ನಿಂತು, ಯಾರೋ ಫೋನಿನಲ್ಲಿ ಅದೇ ಜಾತಿಯ ಹಕ್ಕಿಯ ರೆಕಾರ್ಡ್ ಮಾಡಿದ ಕೂಗು ಹಾಕಿ ತಾಯಿಹಕ್ಕಿಯನ್ನು ಮತ್ತೆ ಮತ್ತೆ ಹೊರಗೆ ಕರೆಯುತ್ತಿದ್ದುದನ್ನು ಕಂಡೆ. ಮರಿಗಳ ಹತ್ತಿರ ಇರಬೇಕಾದ ಹೊತ್ತಲ್ಲಿ ಅದು ಇಲ್ಲದ ಎದುರಾಳಿಯನ್ನು ಹುಡುಕಿಕೊಂಡು ಕೊಂಬೆಯಿಂದ ಕೊಂಬೆಗೆ ಹಾರುತ್ತಿತ್ತು. ಮನೆಗೆ ಬಂದು ಅವರಿಗೆ ಫೋನ್ ಮಾಡಿದೆ. "ಈಗ ಗೊತ್ತಾಯ್ತಾ" ಅಂದರು, ಅಷ್ಟೇ. ಹಕ್ಕಿ ನೋಡುವವರು ತಮ್ಮ ಲಿಸ್ಟ್ ಏರಿಸುವ ಇ-ಬರ್ಡ್ ಜಾಲತಾಣ ಕೂಡ ಅಪಾಯದಲ್ಲಿರುವ ಕೆಲವು ಜಾತಿಗಳು ಎಲ್ಲಿ ಕಂಡವು ಅನ್ನೋ ನಿಖರ ಜಾಗವನ್ನು ಎಲ್ಲರಿಗೂ ತೋರಿಸೋಲ್ಲ.

ಕೊನೆಕೊನೆಗೆ ಅವರ ಕಿವಿ ಕೈಕೊಟ್ಟಿತು. ವಯಸ್ಸಾದಂತೆ ಮೊದಲು ಹೋಗೋದು ತೆಳ್ಳಗಿನ, ಎತ್ತರದ ಸ್ವರಗಳು. ಎಲೆಗಳ ನಡುವೆ ಓಡಾಡುವ ಪುಟ್ಟ ವಾರ್ಬ್ಲರ್‌ಗಳ ಕೂಗು ಹೆಚ್ಚುಕಡಿಮೆ ಅಂಥದ್ದೇ. ಅವರಿಗೆ ಮನುಷ್ಯರ ಮಾತು ಚೆನ್ನಾಗಿಯೇ ಕೇಳುತ್ತಿತ್ತು, ಮರಗಳು ಮಾತ್ರ ಮೌನ ಆಗಿಬಿಟ್ಟಿದ್ದವು. "ಕೂಗ್ತಾ ಇದೆಯಾ?" ಅಂತ ನನ್ನನ್ನು ಕೇಳೋರು. ನಾನು ಬೆರಳು ತೋರಿಸಿದ ಕಡೆ ಬೈನಾಕ್ಯುಲರ್ ಎತ್ತೋರು, ನನಗಿಂತ ಬೇಗ ಹಕ್ಕಿ ಹಿಡಿಯೋರು. 2021ರಲ್ಲಿ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್‌ಗೆ ಕೂಗು ಕೇಳಿ ಹೆಸರು ಹೇಳುವ ಸೌಲಭ್ಯ ಬಂತು, ಆಮೇಲೆ ನಮ್ಮ ಕಡೆಯ ಹಕ್ಕಿಗಳೂ ಅದರಲ್ಲಿ ಸೇರಿದವು. ಅವತ್ತು ಫೋನನ್ನು ಎದುರಿಗೆ ಹಿಡಿದು, ತಮಗೆ ಕೇಳಿಸದ ಹಕ್ಕಿಗಳ ಹೆಸರು ಪರದೆಯ ಮೇಲೆ ಒಂದೊಂದಾಗಿ ಮೂಡೋದನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದರು. ಹಾಗಂತ ಕಣ್ಣಿಗೆ ಬೀಳದೆ ಒಂದನ್ನೂ ಬರೆದುಕೊಳ್ಳಲಿಲ್ಲ.

ಅದಕ್ಕೇ ಹೇಳೋದು, ಭಯ ಬಿಟ್ಟು ಒಂದು ಸಲ ಹೋಗಿ. ತಪ್ಪು ಹೆಸರು ಹೇಳಿ. ನಗುವವರು ಸಿಕ್ಕರೆ ಮುಂದಿನ ವಾರ ಬೇರೆಯವರ ಜೊತೆ ಹೋಗಿ.

ಅವರ ಮನೆಯವರು ಹಳೆಯ ನೋಟ್‌ಬುಕ್ಕುಗಳನ್ನು ನನಗೆ ಕೊಟ್ಟಿದ್ದಾರೆ. ಇ-ಬರ್ಡ್ ಶುರುವಾಗಿದ್ದು 2002ರಲ್ಲಿ, ಆದರೆ ಅದಕ್ಕೂ ಹಿಂದಿನ ದಿನಗಳ ಲಿಸ್ಟನ್ನೂ ಅದರಲ್ಲಿ ಸೇರಿಸಬಹುದು. ರಾತ್ರಿ ಒಂದೆರಡು ಪುಟದಂತೆ ಏರಿಸುತ್ತಿದ್ದೇನೆ. ತಪ್ಪಾಗಿದ್ದನ್ನು ಅವರು ಅಳಿಸುತ್ತಿರಲಿಲ್ಲ, ಓದೋಕೆ ಬರುವ ಹಾಗೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದು ಬರೆಯುತ್ತಿದ್ದರು. ಅಂಥ ಗೆರೆಗಳು ನಾನು ಅಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ ಇವೆ. ಕೊನೆಯ ನೋಟ್‌ಬುಕ್ಕಿನಲ್ಲಿ, ಅವರೊಬ್ಬರೇ ಹೋಗಿದ್ದ ಒಂದು ದಿನದ ಕೆಳಗೆ, ನಡುಗುವ ಅಕ್ಷರದಲ್ಲಿ ಹೀಗಿದೆ: "ವುಡ್ ಅಥವಾ ಗ್ರೀನ್, 1. ಹಾರಿತು. ಕೂಗಿತಾ?"

ಯಾವುದೋ ಗೊರವ ಅಂತಲೇ ಏರಿಸಿದೆ.