ಸಾಕಿದ ಮೀನಿನ ಯಕೃತ್ತು ಹಳದಿಯಾಗಿದ್ದರೆ ಅದು ರೋಗವೇ?

ಭಾಲ್ಕಿ ಕಡೆಯ ಕೃಷಿ ಹೊಂಡದಲ್ಲಿ ಬೆಳೆಸಿದ ರೋಹುವಿನ ಯಕೃತ್ತು ಹಳದಿಯಾಗಿದ್ದು, ಕಾರಂಜಾ ಜಲಾಶಯದ ರೋಹುವಿನದು ಕಂದುಗೆಂಪಾಗಿದೆ ಎಂಬುದೊಂದರಿಂದಲೇ ಮೊದಲನೆಯದಕ್ಕೆ ರೋಗವಿದೆ ಎನ್ನಲಾಗದು. ಹೇರಳವಾಗಿ ತಿನಿಸು ಸಿಗುವ ಮೀನು ಹೆಚ್ಚುವರಿ ಶಕ್ತಿಯನ್ನು ಕೊಬ್ಬು ಮತ್ತು ಗ್ಲೈಕೋಜನ್ (ದೇಹ ಕೂಡಿಡುವ ಸಕ್ಕರೆಯ ಒಂದು ರೂಪ) ಆಗಿ ಯಕೃತ್ತಿನಲ್ಲಿ ಕೂಡಿಡುವುದರಿಂದ ಅದರ ಬಣ್ಣ ತಿಳಿಯಾಗುತ್ತದೆ. ಜೀವಕೋಶಗಳು ನಿಜಕ್ಕೂ ಹಾಳಾಗಿವೆಯೇ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿಯೇ ನೋಡಬೇಕು.

ಯಕೃತ್ತಿನ ತೂಕವನ್ನು ದೇಹದ ತೂಕದಿಂದ ಭಾಗಿಸಿ 100ರಿಂದ ಗುಣಿಸಿದಾಗ ಬರುವ, ದೇಹಕ್ಕೆ ಹೋಲಿಸಿದರೆ ಯಕೃತ್ತು ಎಷ್ಟು ದೊಡ್ಡದೆಂದು ತಿಳಿಸುವ ಸೂಚ್ಯಂಕವು ಅನೇಕ ಮೂಳೆಮೀನುಗಳಲ್ಲಿ 1ರಿಂದ 2ರ ಆಸುಪಾಸಿನಲ್ಲಿರುತ್ತದೆ. ಆದರೆ ರೋಹು, ಕಾಟ್ಲಾ, ಮೃಗಾಲ್‌ಗಳಂಥ ಗೆಂಡೆಗಳಲ್ಲಿ ಯಕೃತ್ತು ಕರುಳಿನ ಸುರುಳಿಗಳ ನಡುವೆ ಹರಡಿ, ಮೇದೋಜೀರಕದ ಅಂಗಾಂಶದೊಂದಿಗೆ ಬೆರೆತಿರುವುದರಿಂದ ಅದನ್ನು ಪೂರ್ತಿ ಬಿಡಿಸಿ ತೂಗುವುದೇ ಕಷ್ಟ. ಅಲ್ಲದೆ ಮುಂಗಾರಿಗೆ ಮುಂಚೆ ಮೊಟ್ಟೆ ಕಟ್ಟುವ ಹೆಣ್ಣು ಮೀನಿನ ಯಕೃತ್ತು ಸಹಜವಾಗಿಯೇ ಹಿಗ್ಗುತ್ತದೆಯಾದ್ದರಿಂದ, ಒಂದೇ ಲಿಂಗದ, ಒಂದೇ ಗಾತ್ರದ, ಒಂದೇ ಋತುವಿನಲ್ಲಿ ಹಿಡಿದ ಮೀನುಗಳನ್ನು ಮಾತ್ರ ಹೋಲಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮಾದರಿಯ ತಾಜಾತನವೆಂದು ನಾನು ನಂಬುತ್ತೇನೆ. ನಮ್ಮ ಬೇಸಿಗೆಯಲ್ಲಿ ಸತ್ತು ತೇಲಿದ ಮೀನಿನ ಯಕೃತ್ತು ಬಹಳ ಬೇಗ ಕರಗತೊಡಗುತ್ತದೆ. ಆಗ ರೋಗದ ಗುರುತು ಯಾವುದು, ಕೊಳೆತದ್ದು ಯಾವುದು ಎಂದು ತಿಳಿಯುವುದಿಲ್ಲ. ಆಗತಾನೇ ಕೊಂದ ಮೀನಿನಿಂದ 5 ಮಿಲಿಮೀಟರಿಗಿಂತ ತೆಳುವಾದ ತುಂಡುಗಳನ್ನು ತೆಗೆದು, ಅವುಗಳ ಕನಿಷ್ಠ 10 ಪಟ್ಟು ಪ್ರಮಾಣದ, ಆಮ್ಲೀಯತೆ ಬದಲಾಗದಂತೆ ಬಫರ್ ಬೆರೆಸಿದ, ಅಂಗಾಂಶ ಕೆಡದಂತೆ ಕಾಯುವ ಶೇಕಡಾ 10ರ ಫಾರ್ಮಾಲಿನ್‌ನಲ್ಲಿ ಮುಳುಗಿಸಿಡಬೇಕು.

ಸಾಕಿದ ಮೀನಾದರೆ ತಿನಿಸನ್ನೂ ಪರೀಕ್ಷಿಸಬೇಕು, ಏಕೆಂದರೆ ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿರುವ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ನೇರವಾಗಿ ಯಕೃತ್ತನ್ನೇ ಕೆಡಿಸುತ್ತದೆ. ಜಲಾಶಯದ ಮೀನಿನಲ್ಲಿ ಪರಾವಲಂಬಿ ಹುಳುಗಳನ್ನೂ ನೀರಿನ ಮಾಲಿನ್ಯವನ್ನೂ ಮೊದಲು ಶಂಕಿಸಬೇಕಾಗುತ್ತದೆ.