ಏಳನೇ ಪುಟದಿಂದ ಶುರುಮಾಡಿ

ನಮಸ್ಕಾರ.

ಏರ್ ಬ್ರೇಕ್ ಗಾಡಿಗಳ ಏರ್ ಡ್ರೈಯರ್ (ಬ್ರೇಕಿನ ಗಾಳಿಯ ತೇವ ತೆಗೆಯುವ ಭಾಗ) ತೊಂದರೆಗಳ ಬಗ್ಗೆ ನೀವು ಕಳಿಸಿದ ಹನ್ನೊಂದು ಪುಟ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ಆದರೆ ಏಳನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಅದು ಇಲ್ಲದಿದ್ದರೆ ಇಷ್ಟುದ್ದ ಉತ್ತರ ಬರೆಯುತ್ತಿರಲಿಲ್ಲ.

ಮೊದಲು ಕತ್ತರಿ ಹಾಕಬೇಕಾದದ್ದು ಹೇಳಿಬಿಡುತ್ತೇನೆ. 'ಆಧುನಿಕ ಯುಗದಲ್ಲಿ ಸಾರಿಗೆಯ ಮಹತ್ವ' ಬೇಡ. ನಮ್ಮ ಪತ್ರಿಕೆ ಓದುವವರು ಅಂಕೋಲಾ, ಕುಮಟಾ, ಶಿರಸಿ ಕಡೆಯ ಲಾರಿ ಮಾಲೀಕರು, ಡ್ರೈವರುಗಳು, ಗ್ಯಾರೇಜಿನ ಹುಡುಗರು. ಗಾಡಿಯ ಕಂತು ಕಟ್ಟುವವರಿಗೆ ಸಾರಿಗೆಯ ಮಹತ್ವ ನಾವು ಹೇಳಬೇಕಾ? ಹಾಗೇ ಹಿಮ ಬಿದ್ದಾಗ ಡ್ರೈಯರಿನ ನೀರು, ಗಾಳಿ ಹೊರಗೆ ಬಿಡುವ ಪರ್ಜ್ ವಾಲ್ವ್ ಹೆಪ್ಪುಗಟ್ಟದಂತೆ ಹೀಟರ್ ಪರೀಕ್ಷಿಸುವ ಭಾಗ. ಯಾವುದೋ ಚಳಿ ದೇಶದ ಕೈಪಿಡಿಯಿಂದ ಎತ್ತಿದ್ದು ಅಂತ ಗೊತ್ತಾಗುತ್ತದೆ. ಕಾರವಾರದಲ್ಲಿ ವಾಲ್ವ್ ಹೆಪ್ಪುಗಟ್ಟಿದ್ದು ಯಾರು ನೋಡಿದ್ದಾರೆ ಮಾರಾಯ್ರೇ? ನಮ್ಮಲ್ಲಿ ತೊಂದರೆ ಹವೆಯ ತೇವದ್ದು. ಕಂಪ್ರೆಸರ್ ಎಳೆದುಕೊಳ್ಳುವ ಗಾಳಿಯಲ್ಲೇ ನೀರಿರುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಅದರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ.

ಈಗ ಏಳನೇ ಪುಟ. ಅರಬೈಲ್ ಘಟ್ಟ ಇಳಿದು ಬಂದ ಲಾರಿ. ಡ್ರೈಯರಿನ ಅಡಿಯಿಂದ ಪುಸ್ ಅಂತ ಗಾಳಿ ಹೋಗುವುದು ನಿಲ್ಲುತ್ತಲೇ ಇಲ್ಲ. ನೀವು ಎಂಜಿನ್ ಆಫ್ ಮಾಡಿಸಿದಿರಿ. ಪರ್ಜ್ ತೂತಿನ ಕೆಳಗೆ ಕೈ ಹಿಡಿದಿರಿ, ಗೇಜ್ ನೋಡು ಅಂತ ಹುಡುಗನಿಗೆ ಹೇಳಿದಿರಿ. 8 ಬಾರ್ ಇದ್ದ ಮುಳ್ಳು 7ರ ಹತ್ತಿರ ಬಂತು, ಗಾಳಿ ತಾನಾಗಿ ನಿಂತಿತು. 'ಚೆಕ್ ವಾಲ್ವ್ ಹೋಗಿದೆ ಅಂದೆ' ಅಂತ ಮುಗಿಸಿ, ಮುಂದಿನ ಪುಟದಲ್ಲಿ ಸಿಲಿಕಾ ಜೆಲ್ಲಿನ ಗುಣಗಳಿಗೆ ಹೋಗಿಬಿಟ್ಟಿದ್ದೀರಿ!

ಅಲ್ಲೇ ಕೂರಬೇಕಿತ್ತು. ಯಾಕೆ ನಿಂತಿತು? ಟ್ಯಾಂಕ್ ತುಂಬಿ ಕಟ್-ಆಫ್ ಆದಾಗ, ಅಂದರೆ ಒತ್ತಡ ಮೇಲಿನ ಮಿತಿ ಮುಟ್ಟಿ ತುಂಬುವುದು ನಿಂತಾಗ, ಪರ್ಜ್ ವಾಲ್ವ್ ತೆರೆಯುತ್ತದೆ. ಕಾರ್ಟ್ರಿಜ್ (ಡ್ರೈಯರಿನಲ್ಲಿ ತೇವ ಹೀರುವ ಕಾಳು ತುಂಬಿದ ಡಬ್ಬಿ) ಒಣಗಿಸುವ ಗಾಳಿ ಸುಮಾರು ಅರ್ಧ ನಿಮಿಷ ಹೋಗಿ ನಿಲ್ಲಬೇಕು. ಟ್ಯಾಂಕಿನ ಗಾಳಿ ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಹಿಡಿಯದಿದ್ದರೆ ಟ್ಯಾಂಕಿನ ಗಾಳಿಯೂ ಅದೇ ದಾರಿಯಲ್ಲಿ ಹಿಂದಕ್ಕೆ ಬಂದು ಹೊರಗೆ ಹೋಗುತ್ತದೆ. ಒತ್ತಡ ಕಟ್-ಇನ್‌ಗೆ (ಮತ್ತೆ ತುಂಬಲು ಶುರುವಾಗುವ ಮಟ್ಟಕ್ಕೆ) ಇಳಿದಾಗ ಪರ್ಜ್ ವಾಲ್ವ್ ಮುಚ್ಚುತ್ತದೆ, ಸದ್ದು ನಿಲ್ಲುತ್ತದೆ. ಇದನ್ನು ಬಿಡಿಸಿ ಬರೆದರೆ ಹೊಸ ಹುಡುಗನೂ ಮುಂದಿನ ಗಾಡಿಯಲ್ಲಿ ತಾನೇ ಹಿಡಿಯುತ್ತಾನೆ. ಇನ್ನೂ ಏರ್ ತುಂಬುತ್ತಿರುವಾಗಲೇ ಸೋರಿದರೆ ಕಥೆ ಬೇರೆ. ಪರ್ಜ್ ವಾಲ್ವಿನ ಸೀಟಿನಲ್ಲಿ ಕಸ ಕೂತಿರಬಹುದು, ಇಲ್ಲವೇ ಒತ್ತಡ ನೋಡಿ ತುಂಬುವುದನ್ನು ನಿಲ್ಲಿಸುವ ಗವರ್ನರ್ ಕೆಟ್ಟಿರಬಹುದು. ಅನ್‌ಲೋಡರ್ (ಟ್ಯಾಂಕ್ ತುಂಬಿದ ಮೇಲೆ ಕಂಪ್ರೆಸರಿನ ಗಾಳಿ ಹೊರಗೆ ಬಿಡುವ ಭಾಗ) ಡ್ರೈಯರಿನಲ್ಲೇ ಇರುವ ಗಾಡಿಗಳಲ್ಲಿ ಕಟ್-ಆಫ್ ಆದ ಮೇಲೂ ಎಂಜಿನ್ ಓಡುವಷ್ಟು ಹೊತ್ತು ಕಂಪ್ರೆಸರಿನ ಗಾಳಿ ಅಲ್ಲಿಂದಲೇ ಹೋಗುತ್ತಿರುತ್ತದೆ. ಅದು ದೋಷವೇ ಅಲ್ಲ. ಇದನ್ನು ಹೇಳದೆ ಬಿಟ್ಟರೆ ಓದಿದವನು ಸುಮ್ನೆ ಸರಿ ಇರುವ ವಾಲ್ವ್ ಬಿಚ್ಚಿ ಕೂರುತ್ತಾನೆ.

ಒಂದು ಕಡೆ ನಿಮ್ಮ ಮಾತು ಒಪ್ಪಲಾರೆ. 'ಟ್ಯಾಂಕಿನಲ್ಲಿ ನೀರು ಬಂದರೆ ಕಾರ್ಟ್ರಿಜ್ ಬದಲಿಸಿ' ಅಂತ ಮೂರು ಕಡೆ ಬರೆದಿದ್ದೀರಿ. ಹಳೆಯದು ಯಾಕೆ ಹಾಳಾಯಿತು ಅಂತ ಕೇಳಬೇಡವೇ? ಕಟ್-ಆಫ್ ಆದರೆ ಮಾತ್ರ ಡ್ರೈಯರ್ ಒಳಗಿನ ಕಾಳು ಒಣಗುವುದು. ಬ್ರೇಕ್ ಚೇಂಬರಿನಲ್ಲೋ ಲೈನಿನಲ್ಲೋ ಸೋರುವ ಗಾಡಿ ಕಟ್-ಆಫ್ ಮುಟ್ಟುವುದೇ ಅಪರೂಪ. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಕಾಳು ಒದ್ದೆಯಾಗಿಯೇ ಉಳಿಯುತ್ತದೆ. ಅಲ್ಲಿಗೆ ಹೊಸ ಕಾರ್ಟ್ರಿಜ್ ಹಾಕಿದರೆ ಅದೂ ಬೇಗ ಹೋಗುತ್ತದೆ, ಮಾಲೀಕ ನಿಮ್ಮನ್ನೇ ಬೈಯುತ್ತಾನೆ. ಮೊದಲು ಸೋಪಿನ ನೀರು ಹಚ್ಚಿ ಸೋರುವ ಜಾಗ ಹುಡುಕಲಿ. ಇನ್ನೊಂದು, ಡ್ರೈನ್ ವಾಲ್ವ್ ಎಳೆದಾಗ ಮಜ್ಜಿಗೆಯಂಥ ಬಿಳಿ ರಾಡಿ ಬಂದರೆ ನೀರಿನ ಜೊತೆ ಆಯಿಲ್ ಸೇರಿದೆ ಅಂತ ಅರ್ಥ. ಆಗ ಕಂಪ್ರೆಸರ್ ರಿಂಗ್ ನೋಡಬೇಕು, ಏರ್ ಫಿಲ್ಟರ್ ಕಟ್ಟಿಕೊಂಡಿದೆಯಾ ನೋಡಬೇಕು, ಡ್ರೈಯರಿಗೆ ಬರುವ ಪೈಪಿನ ಒಳಗೆ ಕಾರ್ಬನ್ ಕಟ್ಟಿದೆಯಾ ನೋಡಬೇಕು. ಪೈಪಿನ ವಿಷಯ ನೀವು ಚೆನ್ನಾಗಿ ಬರೆದಿದ್ದೀರಿ, ಅದನ್ನು ಮುಟ್ಟಬೇಡಿ.

ಕಾರ್ಟ್ರಿಜ್ ಬಿಚ್ಚುವ ವಿಧಾನ ಕೊಟ್ಟಿದ್ದೀರಿ. ಗಾಡಿಯನ್ನು ಸಮ ಜಾಗದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಏರ್ ಪೂರ್ತಿ ಇಳಿಸಿಯೇ ಕೈ ಹಾಕಬೇಕು ಅನ್ನುವುದನ್ನೇ ಬಿಟ್ಟಿದ್ದೀರಿ. ಒತ್ತಡ ಇದ್ದಾಗ ಬಿಚ್ಚಿದರೆ ಆ ಡಬ್ಬಿ ಮುಖಕ್ಕೇ ಹಾರಬಹುದು. ಈ ಸಾಲು ಇಲ್ಲದೆ ನಾನು ಲೇಖನ ಹಾಕುವುದಿಲ್ಲ. ಇದರಲ್ಲಿ ಚರ್ಚೆ ಇಲ್ಲ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏಳನೇ ಪುಟದಲ್ಲಿ ಬರೆದ ಹಾಗೆ ಉಳಿದದ್ದನ್ನೂ ಬರೆಯಿರಿ, ಸಾಕು. ಬಿಡಿಭಾಗಗಳ ಪಟ್ಟಿಯಿಂದ ಶುರುಮಾಡಬೇಡಿ. ಡ್ರೈವರ್ ಬಂದು ನಿಮ್ಮ ಹತ್ತಿರ ಏನು ಹೇಳುತ್ತಾನೋ ಅಲ್ಲಿಂದ ಶುರುಮಾಡಿ. ಏರ್ ಬೇಗ ತುಂಬುವುದಿಲ್ಲ ಅನ್ನುತ್ತಾನೆ, ನೀರು ಬರುತ್ತಿದೆ ಅನ್ನುತ್ತಾನೆ, ಪದೇಪದೇ ಪುಸ್ ಅನ್ನುತ್ತದೆ ಅನ್ನುತ್ತಾನೆ. ಅವನಿಗೆ ಕಾರ್ಟ್ರಿಜ್ ಕಾಣುವುದಿಲ್ಲ, ಸದ್ದು ಕೇಳುತ್ತದೆ, ಗೇಜ್ ಕಾಣುತ್ತದೆ.

ನಾಲ್ಕು ಪುಟಕ್ಕೆ ಇಳಿಸಿ ಮೇ ತಿಂಗಳ ಒಳಗೆ ಕಳಿಸಿ, ಮಳೆ ಹಿಡಿಯುವ ಮೊದಲು ಹಾಕೋಣ. ಕೊಯ್ದ ಪೈಪಿನ ಫೋಟೊ ಇನ್ನೊಮ್ಮೆ ಬೇಕು, ಹಗಲು ಬೆಳಕಿನಲ್ಲಿ ತೆಗೆಯಿರಿ. ಕಳಿಸಿದ್ದರಲ್ಲಿ ನಿಮ್ಮ ಹೆಬ್ಬೆರಳು ಬಿಟ್ಟು ಬೇರೇನೂ ಕಾಣುತ್ತಿಲ್ಲ.

— ಸಂಪಾದಕ