ಸೊಂಟಕ್ಕೆ ರಿವಾಲ್ವರ್: ಪೊನ್ನಂಪೇಟೆ ಓದುಗರಿಗೆ

ಕೊಡಗಿನ ಪೊನ್ನಂಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಬರೆದಿದ್ದಾರೆ: "ವಾರದ ಬಟವಾಡೆ ಹಣ ತರಲು ಒಬ್ಬನೇ ಹೋಗುತ್ತೇನೆ. ದಾರಿಯಲ್ಲಿ ಆನೆ ಕಾಟವೂ ಇದೆ. ಅಜ್ಜನ ಕೋವಿ ಮನೆಯಲ್ಲಿದೆ, ಹೊತ್ತು ತಿರುಗಲು ಆಗುವುದಿಲ್ಲ. ಅಂಗಿಯೊಳಗೆ ಇಟ್ಟುಕೊಳ್ಳಲು ಯಾವ ಪಿಸ್ತೂಲು ಒಳ್ಳೆಯದು?"

ಆನೆಯ ವಿಷಯ ಮೊದಲು ಮುಗಿಸೋಣ. ಕೈಬಂದೂಕಿನ .32 ಅಳತೆಯ ಗುಂಡಿಗೆ ಆನೆ ನಿಲ್ಲುವುದಿಲ್ಲ, ಕೆರಳುತ್ತದೆ. 1972ರ ವನ್ಯಜೀವಿ ಕಾಯ್ದೆಯ ಕೇಸು ಬೇರೆ. ಆ ಆಸೆ ಬಿಟ್ಟುಬಿಡಿ.

ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಬಂದೂಕಿನ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಆದರೆ ನಿಮ್ಮ ವಿನಾಯಿತಿ ಪತ್ರದಲ್ಲಿ ಯಾವ ಆಯುಧ ಬರೆದಿದೆಯೋ ಅದನ್ನೇ ನಂಬಿ. ದುಡ್ಡು ಕೊಡುವ ಮೊದಲು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. 9 ಎಂಎಂ ಗುಂಡಿನ ಪಿಸ್ತೂಲು ನಮ್ಮಂಥ ಸಾಮಾನ್ಯರಿಗೆ ಸಿಗುವುದಿಲ್ಲ.

ನನ್ನನ್ನು ಕೇಳಿದರೆ ಪಿಸ್ತೂಲಿಗಿಂತ .32 ರಿವಾಲ್ವರ್ ಒಳ್ಳೆಯದು. ಪಿಸ್ತೂಲಿನ ಗುಂಡು ತುಂಬುವ ಮ್ಯಾಗಜಿನ್ ತೆಗೆದರೂ ನಳಿಗೆಯ ಹಿಂದಿನ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಖಾಲಿ ಎಂದುಕೊಂಡು ಒತ್ತಿದವರೇ ಅನಾಹುತ ಮಾಡಿದ್ದು ಜಾಸ್ತಿ. ರಿವಾಲ್ವರಿನ ಸಿಲಿಂಡರ್ ತೆರೆದರೆ ಗುಂಡಿನ ಆರೂ ಮನೆ ಕಣ್ಣಿಗೇ ಕಾಣುತ್ತವೆ. 2014ರಲ್ಲಿ ಕಾನ್ಪುರದ ಕಾರ್ಖಾನೆ ತಂದ ನಿರ್ಭೀಕ್ ಎಂಬ .32 ರಿವಾಲ್ವರ್ ಸುಮಾರು ಅರ್ಧ ಕೆಜಿ ತೂಗುತ್ತದೆ. ಹೊತ್ತುಕೊಳ್ಳಲು ಸುಲಭ. ಆದರೆ ಹಗುರವಾದಷ್ಟೂ ಗುಂಡು ಹಾರಿದಾಗ ಕೈಗೆ ಒದೆತ ಜಾಸ್ತಿ ಎನ್ನುವುದು ನೆನಪಿರಲಿ.

ಈಗ ನನಗೆ ನಿಜಕ್ಕೂ ಭಯ ಇರುವ ಮಾತು. ನಾವು ಕೋವಿ ನೋಡಿಕೊಂಡೇ ಬೆಳೆದವರು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತೇವೆ. ಹಾಗಾಗಿ ಕೈಬಂದೂಕು ಅದರದೇ ಮರಿ ಅನ್ನಿಸುತ್ತದೆ, ಅಲ್ವಾ? ಕೋವಿಯ ನಳಿಗೆ ಎತ್ತ ತಿರುಗಿದೆ ಎಂದು ಅಂಗಳದ ಆಚೆ ನಿಂತವರಿಗೂ ಕಾಣುತ್ತದೆ. ರಿವಾಲ್ವರ್ ಮಣಿಕಟ್ಟು ಹೊರಳಿದಷ್ಟಕ್ಕೇ ಪಕ್ಕದವರ ಕಡೆಗೋ ನಿಮ್ಮ ತೊಡೆಗೋ ತಿರುಗಿರುತ್ತದೆ. ನಮ್ಮ ನೆಂಟರೊಬ್ಬರು ರಿವಾಲ್ವರನ್ನು ಸುಮ್ನೆ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಓಡಾಡುತ್ತಿದ್ದರು, ಕೀಗೊಂಚಲಿನ ಜೊತೆಗೇ. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಜೇಬು ಬೇಡ, ಜೀಪಿನ ಡ್ಯಾಶ್‌ಬೋರ್ಡ್ ಬೇಡ, ಹಣದ ಚೀಲವಂತೂ ಬೇಡವೇ ಬೇಡ. ಚೀಲ ಕಿತ್ತುಕೊಂಡವನಿಗೆ ಎರಡೂ ಸಿಗುತ್ತವೆ. ಟ್ರಿಗರನ್ನು ಪೂರ್ತಿ ಮುಚ್ಚುವ, ಬೆಲ್ಟಿಗೆ ಬಿಗಿಯಾಗಿ ಕೂರುವ ಹೋಲ್‌ಸ್ಟರ್ (ಕೈಬಂದೂಕಿನ ಒರೆ) ತೆಗೆದುಕೊಳ್ಳಿ. 2016ರ ಆಯುಧ ನಿಯಮಗಳೂ ಹೇಳುತ್ತವೆ: ಸಾರ್ವಜನಿಕ ಜಾಗದಲ್ಲಿ ಅದು ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲಿರಬೇಕು. ಜೀಪಿನಲ್ಲಿ ಸೀಟ್ ಬೆಲ್ಟ್ ಹಾಕಿ ಕೂತು ನೋಡಿ. ಅಲ್ಲಿ ಕೈಗೆ ಸಿಗದಿದ್ದರೆ ಆ ಹೋಲ್‌ಸ್ಟರ್ ನಿಮಗಲ್ಲ. ಹೊರತೆಗೆಯುವ ಅಭ್ಯಾಸವನ್ನು ತೋಟಾ ಬೇರೆ ಕೋಣೆಯಲ್ಲಿಟ್ಟು, ತಿಳಿದವರ ಎದುರೇ ಮಾಡಿ. ಹಬ್ಬದ ಪಂದ್ಯದಲ್ಲಿ ಕೋವಿಯಿಂದ ತೆಂಗಿನಕಾಯಿಗೆ ಗುರಿಯಿಟ್ಟು ಗೆದ್ದ ಕೈ ಇಲ್ಲಿ ಹೊಸದಾಗಿ ಕಲಿಯಬೇಕು.

ಮನೆಗೆ ಬಂದ ಮೇಲೆ ಬೀಗ ಹಾಕಿಡಿ. ಮಕ್ಕಳಿರುವ ಮನೆಯಲ್ಲಿ ತೋಟಾಕ್ಕೂ ಬೇರೆ ಬೀಗ ಇರಲಿ. ಚರ್ಮದ ಹೋಲ್‌ಸ್ಟರಿನೊಳಗೇ ಬಿಟ್ಟರೆ ನಮ್ಮ ಜುಲೈ ಮಳೆಗೆ ತುಕ್ಕು ಗ್ಯಾರಂಟಿ.

ಇಷ್ಟೆಲ್ಲ ಬರೆದರೂ ಒಂದು ಪ್ರಶ್ನೆ ಕೇಳಲೇಬೇಕು. ನಿಮ್ಮ ಕೆಲಸದವರಲ್ಲಿ ಎಷ್ಟು ಜನರಿಗೆ ಬ್ಯಾಂಕ್ ಖಾತೆ ಇದೆ? ಅರ್ಧ ಜನರ ಕೂಲಿ ಖಾತೆಗೆ ಹೋದರೂ ನಿಮ್ಮ ಚೀಲ ಅರ್ಧ ಹಗುರವಾಗುತ್ತದೆ. ಉಳಿದದ್ದನ್ನು ತರಲು ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತಿಗೆ ಹೋಗಬೇಡಿ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಎರಡು ತಿಂಗಳು ಹೀಗೆ ಮಾಡಿ ನೋಡಿ, ಆಮೇಲೂ ರಿವಾಲ್ವರ್ ಬೇಕೆನಿಸಿದರೆ ಬರೆಯಿರಿ.